ಹೊಸತೊಡಕು ನಿಲ್ಲಿಸಿದ್ದು ನಾನಲ್ಲ

ಯುಗಾದಿಯ ಮಾರನೇ ದಿನ ಬೆಳಗ್ಗೆ ಎದ್ದು ಟಿವಿ ಹಾಕಿ. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಪಾಪಣ್ಣ ಮಟನ್ ಅಂಗಡಿ ಮುಂದೆ ಹನುಮಂತನ ಬಾಲದಂಥ ಕ್ಯೂ ಇರುತ್ತದೆ. ಮೈಕ್ ಹಿಡಿದ ಹುಡುಗ ‘ಎಷ್ಟೊತ್ತಿಂದ ನಿಂತಿದ್ದೀರಾ ಸರ್?’ ಅನ್ನುತ್ತಾನೆ. ಮಂಕಿ ಟೋಪಿ ಹಾಕಿದ ಯಜಮಾನರೊಬ್ಬರು ‘ಬೆಳಗಿನ ಜಾವದಿಂದ’ ಅಂತ ಎದೆಯುಬ್ಬಿಸಿ ಹೇಳುತ್ತಾರೆ. ನಮ್ಮ ಮಂಡ್ಯ ಸೀಮೆಯವರಿಗೆ ಇದನ್ನು ನೋಡಿದರೆ ಕನಿಕರ ಬರುತ್ತಿತ್ತು. ಹಬ್ಬದ ಬಾಡಿಗೆ ಕ್ಯೂ ನಿಲ್ಲುವುದೆಂದರೇನು? ನಮ್ಮ ಬಾಡು ನಮ್ಮ ಹೆಸರಿಗೆ ಗುಡ್ಡೆಯಾಗಿ ಬಾಳೆಲೆ ಮೇಲೆ ಕೂತು ನಮಗಾಗಿ ಕಾಯುತ್ತಿತ್ತು. ನಾವು ಬರೋದು ತಡವಾದರೆ ಕಾಗೆ ಓಡಿಸಲು ಒಬ್ಬ ಹುಡುಗನೂ ಇರುತ್ತಿದ್ದ.

ಈಗ ಆ ಗುಡ್ಡೆ ಇಲ್ಲ. ಊರಲ್ಲಿ ಇದೆ, ಬೇಕಾದಷ್ಟಿದೆ. ನಮ್ಮ ಗೆಳೆಯರ ಗುಡ್ಡೆ ಇಲ್ಲ. ಯಾರು ನಿಲ್ಲಿಸಿದರು ಅಂತ ಯಾರನ್ನು ಕೇಳಿದರೂ ಒಂದೇ ಉತ್ತರ: ‘ನಾನಂತೂ ಅಲ್ಲ ಕಣಪ್ಪ.’ ನಾನೂ ಅಲ್ಲ. ಬೇಕಾದರೆ ಮಲೆ ಮಾದಪ್ಪನ ಮೇಲೆ ಆಣೆ ಇಡುತ್ತೇನೆ. ಬಾಡಿನ ವಿಷಯದಲ್ಲಿ ಮಾದಪ್ಪನಿಗೆ ಆಸಕ್ತಿ ಇಲ್ಲವಾದ್ದರಿಂದ ಈ ಆಣೆಯಲ್ಲಿ ಅಪಾಯವೂ ಕಡಿಮೆ.

ಹೊಸತೊಡಕು ಗೊತ್ತಿಲ್ಲದ ಸೀಮೆಯ ಓದುಗರಿಗೆ ಎರಡು ಮಾತು. ಮಂಡ್ಯ, ಮೈಸೂರು, ರಾಮನಗರದ ಕಡೆ ಯುಗಾದಿ ದಿನ ಬೇವು ಬೆಲ್ಲ, ಒಬ್ಬಟ್ಟು, ಹೊನ್ನಾರು. ಅದು ದೇವರ ದಿನ. ಮಾರನೇ ದಿನ ನಮ್ಮದು. ಅವತ್ತು ಏನು ಮಾಡುತ್ತೇವೋ ವರ್ಷವೆಲ್ಲ ಅದೇ ನಡೆಯುತ್ತದೆ ಅನ್ನುವ ನಂಬಿಕೆ ಇರುವುದರಿಂದ ಅವತ್ತು ಅರೆಹೊಟ್ಟೆ ಉಣ್ಣುವ ದಡ್ಡ ಯಾರೂ ಇಲ್ಲ. ಆದರೆ ಹಿಂದೆ ಒಬ್ಬೊಬ್ಬರೇ ಹೋಗಿ ಮಾಂಸ ಕೊಂಡು ತರುವಷ್ಟು ಕಾಸು ಎಷ್ಟು ಮನೆಯಲ್ಲಿತ್ತು? ಕೊಂಡರೂ ಮಿಕ್ಕಿದ್ದನ್ನು ಇಡೋದಕ್ಕೆ ಫ್ರಿಜ್ಜೆಲ್ಲಿತ್ತು? ಅದಕ್ಕೇ ಚೀಟಿ. ಹೋದ ಯುಗಾದಿಯಿಂದ ಈ ಯುಗಾದಿವರೆಗೆ ವಾರಕ್ಕೋ ತಿಂಗಳಿಗೋ ಇಷ್ಟು ಅಂತ ಕಟ್ಟೋದು, ಹಬ್ಬ ಹತ್ತಿರ ಬಂದಾಗ ಸಂತೆಯಿಂದ ಕುರಿ ತರೋದು, ಹೊಸತೊಡಕಿನ ಬೆಳಗ್ಗೆ ಕೊಯ್ದು ಸಮಪಾಲು ಮಾಡೋದು. ತಕ್ಕಡಿ ಇಲ್ಲ, ಕಣ್ಣಳತೆ. ಎಲೆ ಹಾಸಿ ಎಷ್ಟು ಪಾಲುದಾರರೋ ಅಷ್ಟು ಗುಡ್ಡೆ. ತೊಡೆ, ಎದೆ, ಪಕ್ಕೆ, ಈಲಿ, ಬೋಟಿ ಎಲ್ಲದರಲ್ಲೂ ಒಂದೊಂದು ಚೂರು ಪ್ರತಿ ಗುಡ್ಡೆಗೂ ಬರಬೇಕು. ತಲೆ ಕಾಲು ಹಂಚೋಕಾಗುವುದಿಲ್ಲ, ಅದಕ್ಕೆ ಹರಾಜು. ನಮ್ಮಲ್ಲಿ ಇನ್ನೊಂದು ಕಾನೂನಿತ್ತು: ಗುಡ್ಡೆ ಹಾಕಿದವನು ಎಲ್ಲರೂ ಆರಿಸಿಕೊಂಡ ಮೇಲೆ ಉಳಿದದ್ದನ್ನು ತಗೋಬೇಕು. ಇದಕ್ಕೆ ಹೈಕೋರ್ಟಿನಲ್ಲೂ ಮೇಲ್ಮನವಿ ಇಲ್ಲ.

ನಾವು ಒಂದೇ ಹೈಸ್ಕೂಲಿನ ಹಿಂದಿನ ಬೆಂಚಿನವರು. ಊರು ಬೇಡ, ಮದ್ದೂರಿನ ಆಸುಪಾಸು, ನಾಲೆ ಬಯಲು ಅಂದರೆ ಸಾಕು. ಮೊದಲ ಸಂಬಳ ಕೈಗೆ ಬಂದಾಗ ಅಪ್ಪಂದಿರ ಚೀಟಿಯಿಂದ ಸಿಡಿದು ನಮ್ಮದೇ ಒಂದು ಚೀಟಿ ಹಾಕಿದೆವು. ಲೈನ್‌ಮನ್ ಆದವನು ‘ಕೆಇಬಿ’. ಕಂಪನಿ ಹೆಸರು ಬದಲಾಗಿ ಎಷ್ಟೋ ವರ್ಷವಾದರೂ ಅವನು ಕೆಇಬಿಯೇ. ಸಹಕಾರ ಸಂಘದ ಕಾರ್ಯದರ್ಶಿ ಆದವನು ‘ಸೊಸೈಟಿ’, ಲೆಕ್ಕ ಅವನದು. ಮಿಕ್ಕವರು ಮೇಷ್ಟ್ರು, ಕಂಡಕ್ಟರು, ಮದ್ದೂರು ಎಳನೀರು ಮಾರ್ಕೆಟ್ಟಿನಲ್ಲಿ ಮಂಡಿ ಇಟ್ಟವನು, ಬೆಂಗಳೂರಿನಲ್ಲಿ ಸೇರಿಕೊಂಡವನು. ಒಬ್ಬ ಕೆನಡಾಕ್ಕೆ ಹೋದ. ಹೋದವನು ಚೀಟಿ ಮಾತ್ರ ಬಿಡಲಿಲ್ಲ. ಅವನ ಪಾಲಿನ ಗುಡ್ಡೆ ಅವನ ಅವ್ವನ ಮನೆಗೆ ಹೋಗುತ್ತಿತ್ತು. ನಾವು ಇಲ್ಲಿ ಮಧ್ಯಾಹ್ನ ಉಣ್ಣುವಾಗ ಅವನಿಗೆ ಟೊರೊಂಟೊದಲ್ಲಿ ರಾತ್ರಿ ಎರಡೂವರೆ. ಎದ್ದು ಕೂತು ವಿಡಿಯೋ ಕಾಲಿನಲ್ಲಿ ‘ಲಾಕಿ ತೋರ್ಸ್ಲಾ, ಹತ್ರ ಹಿಡ್ಕಳ್ಲಾ’ ಅಂತ ಗೋಗರೆಯುತ್ತಿದ್ದ. ತೋರಿಸುತ್ತಿದ್ದೆವು. ತೋರಿಸಿ ತೋರಿಸಿ ತಿನ್ನುತ್ತಿದ್ದೆವು.

ಕುರಿ ಅಂದರೆ ಬಂಡೂರು ಕುರಿ. ಇದರಲ್ಲಿ ರಾಜಿಯೇ ಇರಲಿಲ್ಲ. ಮಳವಳ್ಳಿ ತಾಲ್ಲೂಕಿನ ಬಂಡೂರು ಅದರ ತವರು. ಬೆಂಗಳೂರಿನವರು ಬನ್ನೂರು ಕುರಿ, ಬನ್ನೂರು ಕುರಿ ಅಂದು ಅಂದು ಪಕ್ಕದ ಜಿಲ್ಲೆಯ ಊರಿಗೆ ಕೀರ್ತಿ ದಾನ ಮಾಡಿಬಿಟ್ಟಿದ್ದಾರೆ. ಗಿಡ್ಡ ಕಾಲು, ತುಂಬಿದ ಮೈ. ಹಿಂದಿನಿಂದ ನೋಡಿದರೆ ಇಂಗ್ಲಿಷಿನ ‘ಯು’ ಅಕ್ಷರವನ್ನು ತಲೆಕೆಳಗು ಮಾಡಿದ ಆಕಾರ. ಎಳನೀರು ಮಂಡಿಯವನು ಬೆನ್ನ ಮೂಳೆ ಮೇಲೆ ಬೆರಳಾಡಿಸಿ ‘ಇದು ಬಂಡೂರಲ್ಲ, ಬೆರಕೆ’ ಅಂದರೆ ಸಂತೆಯ ದಲ್ಲಾಳಿ ದರ ಇಳಿಸಬೇಕು. ಅವನಿಗೆ ನಿಜವಾಗಿ ಗೊತ್ತಾಗುತ್ತಿತ್ತೋ, ಎಳನೀರು ಬಡಿದು ನೋಡುವ ಚಾಳಿಯನ್ನು ಕುರಿಗೂ ತಂದಿದ್ದನೋ, ನಾವು ಯಾರೂ ಪರೀಕ್ಷೆ ಮಾಡಲಿಲ್ಲ.

ಯುಗಾದಿ ಸಂಜೆಯೇ ಎಲ್ಲರೂ ತೋಟದ ಪಂಪ್‌ಸೆಟ್ ಮನೆ ಸೇರಬೇಕು. ರಾತ್ರಿ ಇಸ್ಪೀಟು. ಅಂದರ್ ಬಾಹರ್ ಮಾಡುವಾಗ ಮೇಷ್ಟ್ರು ಪ್ರತಿ ವರ್ಷವೂ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 87ನೇ ಕಲಮು ನೆನಪಿಸಿ, ಈ ತೋಟ ಸಾರ್ವಜನಿಕ ಸ್ಥಳವೋ ಅಲ್ಲವೋ ಅಂತ ಭಾಷಣ ಬಿಗಿದು, ಆಮೇಲೆ ಎಲ್ಲರಿಗಿಂತ ಜಾಸ್ತಿ ಕಟ್ಟಿ ಸೋಲುತ್ತಿದ್ದ. ಬೆಳಗ್ಗೆ ಕೊಯ್ಲು, ಗುಡ್ಡೆ, ಮನೆಮನೆಗೆ ಪಾಲು. ನಮಗೆ ಅಂತ ಎತ್ತಿಟ್ಟ ಒಂದು ಗುಡ್ಡೆ ತೋಟದಲ್ಲೇ ಬೇಯಬೇಕು. ಬೋಟಿ ತೊಳೆಯುವ ಕೆಲಸ ಯಾರದು ಅನ್ನೋದಕ್ಕೆ ಚೀಟಿ ಎತ್ತುತ್ತಿದ್ದೆವು. ಕೆಇಬಿ ಹೆಸರೇ ಬರುತ್ತಿತ್ತು, ಎಲ್ಲ ಚೀಟಿಯಲ್ಲೂ ಅವನ ಹೆಸರೇ ಬರೆದಿರುತ್ತಿದ್ದುದರಿಂದ. ಹುರಿದ ಮಸಾಲೆ ಕಾರ ಹೊರಗಿನ ಒರಳುಕಲ್ಲಿನಲ್ಲಿ ರುಬ್ಬೋದು, ಮುದ್ದೆ ಕಟ್ಟೋದು, ನಾಲೆಗೆ ಬಿದ್ದು ಬರೋದು, ಉಣ್ಣೋದು, ಹೊಂಗೆ ನೆರಳಲ್ಲಿ ಉರುಳೋದು. ಸಂಜೆ ಬಿದಿಗೆ ಚಂದ್ರನನ್ನು ಹುಡುಕಿ, ಕಂಡವನು ಕಾಣದವನಿಗೆ ತೋರಿಸಿ, ಕಾಣದವನು ಕಂಡೆ ಅಂತ ಸುಳ್ಳು ಹೇಳಿ ಮನೆಗೆ ಹೋಗಿ ಹಿರಿಯರ ಕಾಲಿಗೆ ಬೀಳೋದು.

ಇಂಥದ್ದು ಒಂದೇ ಏಟಿಗೆ ಸಾಯುವುದಿಲ್ಲ. ಮೊದಲು ಹೋಗಿದ್ದು ರಾತ್ರಿ. ‘ಬೆಳಗ್ಗೆನೇ ಬಂದ್ಬುಡ್ತೀನಿ ಕಣ್ಲಾ, ಇವ್ಳೊಬ್ಳೇ ಆಯ್ತಾಳೆ’ ಅಂತ ಹೊಸದಾಗಿ ಮದುವೆಯಾದವನು ಅಂದ. ಎಲ್ಲರೂ ಅವನನ್ನು ಗೋಳು ಹುಯ್ದುಕೊಂಡು, ಮುಂದಿನ ವರ್ಷ ತಾವೂ ಬೆಳಗ್ಗೆ ಬಂದರು. ಆಮೇಲೆ ಯಾರೋ ದೊಡ್ಡ ಮನಸ್ಸು ಮಾಡಿ ‘ಮನೆಯವರನ್ನೂ ಕರ್ಕಂಡ್ ಬರವಾ’ ಅಂದರು. ಬಂದರು. ಪ್ಲಾಸ್ಟಿಕ್ ಕುರ್ಚಿ ಬಂತು, ಶಾಮಿಯಾನ ಬಂತು, ಬೋಟಿ ತೊಳೆಯೋದಕ್ಕೆ ಕೂಲಿಯವನು ಬಂದ, ಅಡುಗೆಯವನು ಬಂದ. ನಾಲೆಗೆ ಬೀಳೋದು ಹೋಯಿತು, ಮಕ್ಕಳು ನೋಡಿ ಕಲಿತುಬಿಡುತ್ತವೆ ಅಂತ. ನಾವು ಕಲಿತದ್ದು ಯಾರನ್ನು ನೋಡಿ ಅಂತ ಯಾರೂ ಕೇಳಲಿಲ್ಲ. ಒಬ್ಬನ ಮಗಳು ತಟ್ಟೆ ಹಿಡಿದು ‘ಅಂಕಲ್, ಪನೀರ್ ಇಲ್ವಾ?’ ಅಂದಳು. ಕೈಮ ಉಂಡೆ ಬಡಿಸುತ್ತಿದ್ದ ಕೆಇಬಿಯ ಕೈ ಅಲ್ಲೇ ನಿಂತಿತು. ಹೈಟೆನ್ಷನ್ ತಂತಿ ಮುಟ್ಟಿದರೂ ಅವನ ಮುಖ ಹಾಗಾಗುತ್ತಿರಲಿಲ್ಲವೇನೋ.

ಹೆಂಗಸರ ಕಡೆಯ ನ್ಯಾಯ ಬೇರೆ. ನಮ್ಮ ಮನೆಯಾಕೆಯ ಮಾತು ಇದು: ‘ಮನೇಲಿ ಗುಡ್ಡೆ ಬಂದು ಬೀಳುತ್ತೆ, ಬೇಯಿಸೋಳು ನಾನು. ತೋಟಕ್ಕೆ ಬಂದರೆ ಅಲ್ಲೂ ಈರುಳ್ಳಿ ಹೆಚ್ಚೋಳು ನಾನು. ನಿಮ್ಮ ಸ್ನೇಹಕ್ಕೆ ಎರಡೆರಡು ಕಡೆ ಒಗ್ಗರಣೆ ಹಾಕೋದು ನನಗೇನು ಹರಕೆನೇ?’ ಈ ಪ್ರಶ್ನೆಗೆ ಉತ್ತರ ಕೊಟ್ಟ ಗಂಡಸು ಮಂಡ್ಯ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ.

ಆದರೂ ನಿಲ್ಲಿಸೋಣ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಆ ಧೈರ್ಯ ಕೊಟ್ಟಿದ್ದು ಸರಕಾರ. 2020ರ ಯುಗಾದಿ ಮಾರ್ಚ್ 25ಕ್ಕೆ. ಹಿಂದಿನ ರಾತ್ರಿ ಎಂಟು ಗಂಟೆಗೆ ಪ್ರಧಾನಿಗಳು ಟಿವಿಯಲ್ಲಿ ಬಂದು 21 ದಿನ ಯಾರೂ ಬಾಗಿಲು ದಾಟಬೇಡಿ ಅಂದರು. ಲಾಕ್‌ಡೌನಿನ ಎರಡನೇ ದಿನವೇ ಹೊಸತೊಡಕು. ಗುಂಪಿನಲ್ಲಿ ಅಳುವ ಮುಖದ ಚಿತ್ರಗಳ ಮಳೆ. ‘ಬದುಕಿದ್ರೆ ಮುಂದಿನ ವರ್ಷ ಡಬಲ್ ಗುಡ್ಡೆ’ ಅಂತ ಶಪಥ. ಅವತ್ತು ಮಧ್ಯಾಹ್ನ ನಾನು ಮನೆಯಲ್ಲಿ ಅನ್ನ ಸಾರು ಉಂಡು ಕಾಲು ಚಾಚಿ ಮಲಗಿದೆ. ಎದ್ದಾಗ ಸಂಜೆ ಐದು. ಹೊಸತೊಡಕಿನ ದಿನ ಬಿಸಿಲಲ್ಲಿ ಗಾಡಿ ಓಡಿಸದೆ, ಹೊಗೆ ಕುಡಿಯದೆ, ಇಸ್ಪೀಟಿನಲ್ಲಿ ಸೋಲದೆ ಕಳೆದ ಮೊದಲ ಮಧ್ಯಾಹ್ನ ಅದು. ಎಷ್ಟು ಸುಖವಾಗಿತ್ತು ಅಂದರೆ ಯಾರಿಗೂ ಹೇಳಿಕೊಳ್ಳುವ ಹಾಗಿರಲಿಲ್ಲ. ಇನ್ನೊಂದು ವಿಷಯ. ಹೊಸತೊಡಕು ತಪ್ಪಿದ್ದಕ್ಕೆ ಯಾರ ಮನೆಗೂ ಕೇಡಾಗಲಿಲ್ಲ. ಊರಿಗೇ ಬಂದದ್ದು ಬಂತು, ಅದು ಕುರಿ ಕೊಯ್ದವರನ್ನೂ ಬಿಡಲಿಲ್ಲ.

ಅಲ್ಲಿಂದ ಮುಂದೆ ನೆಪಗಳು ತಾವಾಗಿಯೇ ಬಂದು ಬಾಗಿಲು ತಟ್ಟಿದವು. 2021ರ ಏಪ್ರಿಲಿನಲ್ಲಿ ಸಾರಿಗೆ ನೌಕರರ ಮುಷ್ಕರ. ಮುಷ್ಕರಕ್ಕೆ ಕೂತಿದ್ದ ನಮ್ಮ ಕಂಡಕ್ಟರೇ ಫೋನು ಮಾಡಿ ‘ಬಸ್ಸಿಲ್ಲ ಕಣ್ಲಾ, ಹೆಂಗ್ ಬರ್ಲಿ?’ ಅಂದ. 2022ರಲ್ಲಿ ಹೊಸತೊಡಕು ಭಾನುವಾರ ಬಿತ್ತು, ಎಲ್ಲರಿಗೂ ರಜ, ಯಾವ ನೆಪಕ್ಕೂ ಜಾಗವಿಲ್ಲ. ಆದರೆ ಆ ವರ್ಷ ಟಿವಿಯವರು ಹಲಾಲೋ ಜಟ್ಕಾವೋ ಅಂತ ರಾಜ್ಯಕ್ಕೇ ಪರೀಕ್ಷೆ ಇಟ್ಟಿದ್ದರು. ಅಷ್ಟು ವರ್ಷ ಕೊಯ್ಯುವವನ ಕತ್ತಿ ಹರಿತವಾಗಿದೆಯೇ ಅಂತ ಮಾತ್ರ ನೋಡಿದ್ದ ನಾವು ಗುಂಪಿನಲ್ಲಿ ಹಗಲೂ ರಾತ್ರಿ ವಾದ ಮಾಡಿದೆವು. ಕುರಿಯನ್ನು ಹೇಗೆ ಕೊಯ್ಯಬೇಕು ಅಂತ ತೀರ್ಮಾನವಾಗುವ ಹೊತ್ತಿಗೆ ಕುರಿ ತರುವ ಸಂತೆ ಮುಗಿದಿತ್ತು. ಕೋಳಿ ತಂದು ಮುಗಿಸಿದೆವು. ಕೋಳಿಗೆ ಗುಡ್ಡೆ ಹಾಕುವ ಶಾಸ್ತ್ರ ಇಲ್ಲ.

2023ರ ಮಾರ್ಚ್ 12ಕ್ಕೆ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಹತ್ತು ದಿನಕ್ಕೆ ಯುಗಾದಿ. ‘ಇನ್ನೇನ್ಲಾ, ಬೆಂಗಳೂರಿಂದ ಗಂಟೆಯೊಳಗೆ ಬತ್ತೀನಿ’ ಅಂತ ಬೆಂಗಳೂರಿನವನು ಕುಣಿದ. ಬಂದ, ನಿಜ. ಬೈಪಾಸಿನಲ್ಲಿ ಮದ್ದೂರಿಗೆ ಇಳಿಯುವ ಕಡೆ ಇಳಿಯದೆ ಮಂಡ್ಯದವರೆಗೆ ಹೋಗಿ ತಿರುಗಿ ಬಂದ. ಉಂಡ. ಕೈ ತೊಳೆದು ‘ಸಂಜೆ ಟ್ರಾಫಿಕ್ಕಿಗೆ ಮುಂಚೆ ಸಿಟಿ ಸೇರ್ಕೋಬೇಕು’ ಅಂತ ಹೊರಟೇಬಿಟ್ಟ. ಹಳೇ ರಸ್ತೆಯಲ್ಲಿ ಬಿಡದಿ, ರಾಮನಗರ, ಚನ್ನಪಟ್ಟಣ ಅಂತ ಒಂದೊಂದು ಊರಲ್ಲೂ ಸಿಕ್ಕಿಕೊಂಡು ಬರುತ್ತಿದ್ದ ಕಾಲದಲ್ಲಿ, ಪಟ್ಟ ಪಾಡಿಗಾದರೂ ಒಂದು ರಾತ್ರಿ ಉಳಿಯುತ್ತಿದ್ದ. ರಸ್ತೆ ಚೆನ್ನಾದಷ್ಟೂ ನೆಂಟರು ಬೇಗ ಎದ್ದು ಹೋಗುತ್ತಾರೆ ಅನ್ನುವುದನ್ನು ಹೆದ್ದಾರಿ ಪ್ರಾಧಿಕಾರದವರು ಯೋಜನಾ ವರದಿಯಲ್ಲಿ ಬರೆದಿರಲಾರರು. ಅದೇ ವರ್ಷ ಆಗಸ್ಟಿನಿಂದ ಆ ರಸ್ತೆಗೆ ಬೈಕು ಬಿಡುವುದನ್ನೂ ನಿಲ್ಲಿಸಿದರು. ಬೈಕಿನಲ್ಲೇ ಬರುತ್ತಿದ್ದ ಇನ್ನೊಬ್ಬನಿಗೆ ಅದು ವರದಾನವಾಯಿತು.

2024ಕ್ಕೆ ಲೋಕಸಭಾ ಚುನಾವಣೆಯ ನೀತಿ ಸಂಹಿತೆ. ಚುನಾವಣಾ ಡ್ಯೂಟಿ ಬಿದ್ದಿದ್ದ ಮೇಷ್ಟ್ರು ‘ತೋಟದಲ್ಲಿ ಬಾಡೂಟ ಅಂದ್ರೆ ಫ್ಲೈಯಿಂಗ್ ಸ್ಕ್ವಾಡ್ ಬಂದು ಯಾವ ಪಾರ್ಟಿದು ಅಂತ ಕೇಳ್ತದೆ’ ಅಂದ. ಎಲ್ಲರೂ ಹೆದರಿದ ಹಾಗೆ ಮಾಡಿದರು. ಅದೇ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ. ಊಟದಲ್ಲಿ ಬಾಡು ಇರಬೇಕು ಅಂತ ಊರೆಲ್ಲ ಕೂಗೆದ್ದಿತಲ್ಲ, ನಮ್ಮ ಗುಂಪಿಗೆ ಜೀವ ಬಂದುಬಿಟ್ಟಿತು. ಆಹಾರದ ಹಕ್ಕು, ನೆಲದ ಸಂಸ್ಕೃತಿ, ಬಾಡೇ ನಮ್ಮ ಗಾಡು ಅಂತ ದಿನಕ್ಕೆ ನೂರು ಮೆಸೇಜು. ಕೆನಡಾದವನು ಇಂಗ್ಲಿಷಿನಲ್ಲಿ ಕ್ರಾಂತಿ ಮಾಡಿದ. ಲಕ್ಷಾಂತರ ಜನಕ್ಕೆ ಬಾಡು ಬಡಿಸಬೇಕು ಅಂತ ವಾದಿಸಿದ ಈ ಮಹನೀಯರು, ತಮ್ಮ ಏಳು ಜನಕ್ಕೆ ಬಡಿಸಿಕೊಂಡು ಎಷ್ಟು ದಿನವಾಯಿತು ಅಂತ ಒಬ್ಬರೂ ಕೇಳಲಿಲ್ಲ. ಸುಮ್ಮನೆ ಹೇಳುತ್ತೇನೆ, ಬೆಂಬಲದ ಹೆಬ್ಬೆರಳನ್ನು ನಾನೂ ಒತ್ತಿದ್ದೆ.

2025 ಬಂತು. ಹೊಸತೊಡಕು ಮಾರ್ಚ್ 31, ಸೋಮವಾರ. ಇಂಥ ದಿನವನ್ನು ಬೇಕು ಅಂತ ಹುಡುಕಿದರೂ ಸಿಗುವುದಿಲ್ಲ. ಸೋಮವಾರ ಅಂದ ಮೇಲೆ ಅರ್ಧ ಜನಕ್ಕೆ ಮನೆದೇವರ ವಾರ, ಬಾಡು ಮುಟ್ಟುವ ಹಾಗಿಲ್ಲ. ಮಂಗಳವಾರಕ್ಕೆ ಹಾಕೋಣ ಅಂದರೆ ಮಂಗಳವಾರ ರಜ ಇಲ್ಲ. ಮಾರ್ಚ್ 31 ಅಂದರೆ ಸೊಸೈಟಿಗೆ ವರ್ಷದ ಲೆಕ್ಕ ಮುಗಿಸುವ ದಿನ. ಅವತ್ತೇ ರಂಜಾನು, ಕುರಿ ಕೊಯ್ಯುತ್ತಿದ್ದ ಸಾಬಣ್ಣನಿಗೆ ಅವನದೇ ಹಬ್ಬ. ಏಪ್ರಿಲ್ 4ರವರೆಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ, ಮೇಷ್ಟ್ರಿಗೆ ಡ್ಯೂಟಿ. ನಾನು ಮೈಸೂರಿನಲ್ಲಿ ಕೂತು ಗುಂಪು ನೋಡುತ್ತಿದ್ದೆ. ಯುಗಾದಿಯ ಶುಭಾಶಯ ಬಂತು, ಬೇವು ಬೆಲ್ಲದ ಚಿತ್ರ ಬಂತು, ಯಾರದೋ ಮೊಮ್ಮಗುವಿನ ಫೋಟೋ ಬಂತು. ಕುರಿಯ ಮಾತೇ ಇಲ್ಲ. ಒಬ್ಬನಾದರೂ ‘ಈ ಸಲ ಹೆಂಗೆ?’ ಅಂತ ಕೇಳಿದ್ದರೆ ನೆಪ ಹೇಳಬೇಕಾಗುತ್ತಿತ್ತು. ಯಾರೂ ಯಾರಿಗೂ ಆ ಕಷ್ಟ ಕೊಡಲಿಲ್ಲ. ಒಳ್ಳೆ ಸ್ನೇಹಿತರು.

‘ಏನ್ರೀ, ಹೊಸತೊಡಕಿಗೆ ಮನೇಲೇ ಇದ್ದೀರಾ?’ ಅಂದಳು ನನ್ನವಳು.

‘ಹೂಂ.’

‘ಹಾಗಾದ್ರೆ ಕಾಯಿ ತುರೀರಿ.’

ನಿಜ ಹೊರಬಿದ್ದದ್ದು ಕೆಇಬಿ ಮಗಳ ಮದುವೆಯ ಬೀಗರೂಟದಲ್ಲಿ. ಒಂದೇ ಸಾಲಿನಲ್ಲಿ ಎಲೆ ಮುಂದೆ ಕೂತಿದ್ದೆವು. ಬಡಿಸುವವನು ಮಟನ್ ಹಾಕಲು ಬಂದರೆ ಕೆಇಬಿ ಎಲೆಗೆ ಕೈ ಅಡ್ಡ ಹಿಡಿದ. ಸ್ಟೆಂಟ್ ಹಾಕಿಸಿಕೊಂಡು ಬಹಳ ದಿನವಾಗಿದೆಯಂತೆ, ಡಾಕ್ಟರು ಕೆಂಪು ಮಾಂಸ ಬಿಡಿಸಿದ್ದಾರಂತೆ.

‘ಮತ್ತೆ ಕೊನೆಕೊನೆಗೆ ತೋಟದಲ್ಲಿ ತಿಂತಿದ್ದಲ್ಲೋ?’

‘ತಟ್ಟೆಗಾಕಿಸ್ಕೊಂಡು ನಾಯಿಗಾಕ್ತಿದ್ದೆ. ನೀವೆಲ್ಲಾ ಅಷ್ಟು ಆಸೆಯಿಂದ ಬತ್ತಿದ್ರಲ್ಲ, ನಾನ್ಯಾಕೆ ಕಲ್ಲಾಕ್ಲಿ ಅಂತ.’

‘ನಾನು ಬತ್ತಿದ್ದುದೇ ನಿಂಗೋಸ್ಕರ ಕಣ್ಲಾ,’ ಅಂದ ಕಂಡಕ್ಟರು. ‘ಹೊಸತೊಡಕಿಗೆ ಅಳೀಮಯ್ಯ ಬರ್ಲಿಲ್ಲ ಅಂತ ನಮ್ಮ ಅತ್ತೆ ಮನೆಯೋರು ಮುಖ ಊದಿಸ್ಕೊಂಡವ್ರೆ ಇವತ್ಗೂ.’

ಮೇಷ್ಟ್ರು ಕೆಮ್ಮಿದ. ಅವನಿಗೆ ಇಸ್ಪೀಟು ಅಂದರೆ ಮೊದಲಿನಿಂದಲೂ ಆಗದಂತೆ. ಸೋಲುವವನು ಒಬ್ಬ ಇಲ್ಲದಿದ್ದರೆ ಆಟ ಕಳೆಗಟ್ಟುವುದಿಲ್ಲ ಅಂತ ಕೂರುತ್ತಿದ್ದನಂತೆ. ಇಷ್ಟು ವರ್ಷ ಸೋತ ದುಡ್ಡಿಗೆ ಇಷ್ಟು ಉದಾತ್ತ ಕಾರಣ ಕೊಟ್ಟವನನ್ನು ನಾನು ಬೇರೆಲ್ಲೂ ನೋಡಿಲ್ಲ.

ಅಂದರೆ ಕೊನೆಯ ಕೆಲವು ವರ್ಷ ಆ ಹೊಸತೊಡಕು ನಡೆದದ್ದು ಯಾರಿಗೂ ಬೇಡವಾಗಿಯೇ. ಒಬ್ಬರ ಮುಲಾಜಿಗೆ ಒಬ್ಬರು ಬಂದು, ಒಬ್ಬರ ಸಂತೋಷಕ್ಕೆ ಒಬ್ಬರು ನಕ್ಕು, ನಾಯಿಯೊಂದು ಚೆನ್ನಾಗಿ ಮೈ ಕೈ ತುಂಬಿಕೊಂಡಿತು. ಇದನ್ನು ಕೇಳಿ ‘ಅಯ್ಯೋ, ಕಾಲ ಕೆಟ್ಟಿತು, ಸಂಬಂಧಗಳು ಸಡಿಲವಾದವು’ ಅಂತ ಕಣ್ಣೊರೆಸಿಕೊಳ್ಳುವವರ ಗುಂಪಿಗೆ ನಾನು ಸೇರುವುದಿಲ್ಲ. ಈಗ ಸರ್ಕಲ್ಲಿನಲ್ಲಿ ದಿನಾ ಮಟನ್ ಸಿಗುತ್ತದೆ, ಮನೆಮನೆಯಲ್ಲಿ ಫ್ರಿಜ್ಜಿದೆ. ಚೀಟಿ ಹಾಕಿ ವರ್ಷ ಕಾಯಬೇಕಾದ ಹಸಿವೇ ಇಲ್ಲ. ಅವತ್ತು ಮಾವನ ಮನೆಯಿಂದ ತಪ್ಪಿಸಿಕೊಂಡು ತೋಟಕ್ಕೆ ಓಡಿ ಬರುತ್ತಿದ್ದ ಅಳಿಯಂದಿರು ನಾವು, ಇವತ್ತು ನಾವೇ ಮಾವಂದಿರು. ನಮ್ಮ ಅಳಿಯ ಯಾವ ತೋಟಕ್ಕೆ ಓಡಿ ಹೋಗುತ್ತಾನೋ ಅಂತ ಬಾಗಿಲು ಕಾಯಬೇಕಾದವರು.

ಇಷ್ಟೆಲ್ಲ ಸಲೀಸಾಗಿ ಮುಗಿಯಿತು ಅಂದುಕೊಳ್ಳುವಾಗ ಸೊಸೈಟಿ ಬೀಗರೂಟದ ಎಲೆ ಅಡಿಕೆ ಜೊತೆ ಒಂದು ಮಾತು ಎತ್ತಿದ. ಚೀಟಿಯ ದುಡ್ಡು ಅವನ ಹತ್ತಿರವೇ ಇದೆ. ಜೊತೆಗೆ ನಾವು ಕೊಂಡಿದ್ದ ದೊಡ್ಡ ಡಬರಿ, ಬಾಂಡ್ಲಿ, ಸೌಟು, ಟಾರ್ಪಾಲು. ಇದನ್ನೇನು ಮಾಡೋದು? ಸಂಘ ಮುಚ್ಚುವುದಾದರೆ 1959ರ ಸಹಕಾರ ಸಂಘಗಳ ಕಾಯ್ದೆಯಲ್ಲಿ ಒಂದು ಕ್ರಮ ಇದೆ, ಸಮಾಪಕರನ್ನು ನೇಮಿಸಿ ಆಸ್ತಿ ವಿಲೇವಾರಿ ಮಾಡುತ್ತಾರೆ. ನಮ್ಮದು ಮುಚ್ಚಿದೆಯೋ? ಮುಚ್ಚಿದೆ ಅಂತ ಯಾರು ಹೇಳುತ್ತೀರಿ?

ಎಲ್ಲರೂ ಸುಣ್ಣದ ಡಬ್ಬಿ ಹುಡುಕಿದರು.

‘ಡಬರಿ ನೀನೇ ಮಡೀಕೊ’ ಅಂದ ಎಳನೀರಿನವನು.

‘ಮಡಗ್ಕೊಂಡೇ ಇವ್ನಿ. ಬಾಡಿಗೆಗೆ ಬುಟ್ಟಿವ್ನಿ. ಊರೋರು ನಾಮಕರಣ, ತಿಥಿ, ಬೀಗರೂಟ ಎಲ್ಲಕ್ಕೂ ತಗಂಡೋಯ್ತಾವ್ರೆ. ಇವತ್ತಿನ ಸಾರು ಬೆಂದಿದ್ದೂ ಅದ್ರಲ್ಲೇ.’

‘ಬಾಡಿಗೆ ದುಡ್ಡು?’

‘ಚೀಟಿ ಲೆಕ್ಕಕ್ಕೇ ಜಮಾ. ನಾವು ಕಟ್ತಿದ್ದಾಗ ಬೆಳೀದಷ್ಟು ಈಗ ಬೆಳೆದದೆ. ಒಂದಲ್ಲ, ಎರಡು ಬಂಡೂರು ಕುರಿ ಬತ್ತವೆ.’

ಕೆಇಬಿಗೆ ತಟ್ಟನೆ ನೆನಪಾಯಿತು. ‘ಹಂಗಾರೆ ಇವತ್ತಿನ ಡಬರಿಗೆ ನನ್ ಹತ್ರಾನೂ ಬಾಡಿಗೆ ಇಸ್ಕಂಡೇನ್ಲಾ?’

‘ಮತ್ತೆ? ಪಾಲುದಾರರಿಗೆ ರಿಯಾಯಿತಿ ಕೊಡ್ಬೇಕು ಅಂದ್ರೆ ಸಭೆ ಕರೆದು ಠರಾವು ಮಾಡ್ಬೇಕು.’

‘ಕರೀಲಾ ಮತ್ತೆ ಸಭೆಯ!’

‘ಕರೀತೀನಿ. ನಿಮ್ಗೆಲ್ಲಾ ಯಾವತ್ತು ಬಿಡುವು ಹೇಳಿ’ ಅಂತ ಸೊಸೈಟಿ ಜೇಬಿನಿಂದ ಡೈರಿ ತೆಗೆದ.

ಕಂಡಕ್ಟರಿಗೆ ಅಷ್ಟು ಹೊತ್ತಿಗೆ ಡಿಪೋದಿಂದ ಫೋನು ಬಂತು.